ಬಚ್ಚಲಿನ ಬಾಗಿಲಿಗೊಂದು ಬೆಲ್ಟು

"ಇದು ಬೆಲ್ಟಲ್ಲ ಕಣಯ್ಯಾ, ಕುಕ್ಕರ್ ಗ್ಯಾಸ್ಕೆಟ್ಟು!"

ಬಿಡಿಭಾಗದ ಅಂಗಡಿಯ ಸಾಹುಕಾರರು ರಬ್ಬರ್ ತುಂಡನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದರು. ಎದುರಿಗೆ ನಮ್ಮ ಬಡಗಿ, ಕಂಕುಳಲ್ಲಿ ಮರ ಹೆರೆಯುವ ಕರೆಂಟಿನ ಪ್ಲೇನರು. ಗುಜರಿಯಿಂದ ಅದನ್ನು ತಂದು ಇನ್ನೂ ಮೂರು ದಿನ ತುಂಬಿರಲಿಲ್ಲ, ಬೆಲ್ಟು ಪಟ್ ಅಂದಿತ್ತು.

ಬಡಗಿ: ಗೊತ್ತು ಸಾವ್ಕಾರ್ರೇ. ಬೆಲ್ಟು ಪುಡಿಪುಡಿ ಆಗೋಯ್ತು. ಅದಕ್ಕೇ ಇದನ್ನ ಕುಯ್ದು ಹಾಕ್ದೆ.

ಸಾಹುಕಾರ: ಮನೆಯವರಿಗೆ ಗೊತ್ತಾ?

ಬಡಗಿ: ಬೆಳಗ್ಗೆಯಿಂದ ಹುಡುಕ್ತಾ ಇದಾಳೆ.

ಸಾಹುಕಾರ: ಮೆಷಿನ್ ಓಡ್ತಾ?

ಬಡಗಿ: ಒಂದೂವರೆ ಸುತ್ತು.

ಸಾಹುಕಾರ: ಅಲ್ಲಯ್ಯಾ, ಇದಕ್ಕೆ ಹಲ್ಲಿರೋ ಬೆಲ್ಟು ಬೇಕು. ಹಲ್ಲಿಲ್ಲದ್ದು ಏನು ಕಚ್ಚುತ್ತೆ?

ಬಡಗಿ: ನೀವು ನಮ್ಮತ್ತೇನ ನೋಡಿಲ್ಲ.

ಎಲ್ಲ ಸಂಕಟಕ್ಕೂ ಮೂಲ ಆ ಅತ್ತೆಯೇ. ಬಚ್ಚಲಿನ ಬಾಗಿಲು ಉಬ್ಬಿ ಮುಚ್ಚುವುದಿಲ್ಲ ಎಂದು ಮಗಳ ಮನೆಗೆ ಬಂದ ದಿನವೇ ಗೊಣಗಿ, "ಅಳಿಯ ಬಡಗಿಯಂತೆ!" ಎಂದು ಒಂದು ಮಾತು ಎಸೆದಿದ್ದರು. ಇವನಿಗೆ ಪಿತ್ತ ನೆತ್ತಿಗೇರಿತು. ಬಾಗಿಲನ್ನೇ ಕಿತ್ತು ಹೆರೆಯಲು ಕೂತ. ಅರ್ಧ ಅಂಚು ಮುಗಿಯುವಷ್ಟರಲ್ಲಿ ಬೆಲ್ಟು ಕೈಕೊಟ್ಟಿತು. ನಿನ್ನೆಯಿಂದ ಬಚ್ಚಲಿಗೆ ಬಾಗಿಲಿಲ್ಲ, ಅತ್ತೆಗೆ ಸ್ನಾನವಿಲ್ಲ, ಇವನಿಗೆ ಮನೆಯಲ್ಲಿ ಮೂರು ಕಾಸಿನ ಮರ್ಯಾದೆಯಿಲ್ಲ.

ಸಾಹುಕಾರ: ಕೈಯಲ್ಲಿ ಹೊಡೆಯೋ ಉಜ್ಜುಗೊರಡು ಇತ್ತಲ್ಲೋ?

ಬಡಗಿ: ಅದನ್ನ ಕೊಟ್ಟೇ ಇದನ್ನ ತಂದಿದ್ದು.

ಸಾಹುಕಾರ: ಭೇಷ್! ಮಾಡೆಲ್ ನಂಬರ್ ಎಲ್ಲಿ?

ಬಡಗಿ: ಈ ನೀಲಿ ಬಣ್ಣದ ಕೆಳಗಿದೆ. ಹೊಸದರ ಥರ ಕಾಣ್ಲಿ ಅಂತ ನಾನೇ ಎರಡು ಸಲ ಬಳಿದೆ.

ಸಾಹುಕಾರರು ಹಣೆ ಚಚ್ಚಿಕೊಂಡು ಸ್ಕ್ರೂ ಬಿಚ್ಚಿ ಒಳಗೆ ಇಣುಕಿದರು.

ಸಾಹುಕಾರ: ಮೈ ಒಂದು ಕಂಪನಿದು, ಮೋಟರ್ ಇನ್ನೊಂದರದ್ದು, ಚಕ್ರ ಯಾವನದ್ದೋ. ಇವು ಮೂರೂ ಒಟ್ಟಿಗೆ ಹೆಂಗಯ್ಯಾ ಓಡ್ತಿದ್ವು?

ಬಡಗಿ: ಸಂಸಾರ ಅಲ್ವಾ ಸಾವ್ಕಾರ್ರೇ, ಹೊಂದ್ಕೊಂಡು ಹೋಗ್ತಿದ್ವು.

ಬೈಯುತ್ತಲೇ ಸಾಹುಕಾರರು ಡಬ್ಬ ಸುರಿದು ಒಂದೊಂದೇ ಬೆಲ್ಟು ತೊಡಿಸಿ ನೋಡಿದರು. ಒಂದು ಗಿಡ್ಡ, ಒಂದು ಅಗಲ, ಒಂದಕ್ಕೆ ಹಲ್ಲು ಹೆಚ್ಚು. ಒಂಬತ್ತನೆಯದು ಟಕ್ಕನೆ ಕೂತಿತು. ಸ್ವಿಚ್ಚು ಒತ್ತಿದರೆ ಪ್ಲೇನರು ಗುರ್ರೆಂದಿತು. ಬಡಗಿಗೆ ಹೋದ ಜೀವ ಬಂತು. ಅಷ್ಟರಲ್ಲೇ ಫೋನು, ಹೆಂಡತಿ. ಪ್ಲೇನರಿನ ಸದ್ದಿನಲ್ಲೂ ಆಕೆಯ ದನಿ ಸಾಹುಕಾರರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಹೆಂಡತಿ: ರೀ, ಅವಸರ ಇಲ್ಲ, ನಿಧಾನವಾಗಿ ಬನ್ನಿ. ಅಮ್ಮ ಸ್ನಾನಕ್ಕೆ ಹೋದ್ರು.

ಬಡಗಿ: ಬಾಗಿಲೇ ಇಲ್ವಲ್ಲೇ!

ಹೆಂಡತಿ: ಅಮ್ಮನೇ ಪಕ್ಕದ ಮನೆಯವರನ್ನ ಕರೆದು, ನಮ್ಮ ಮಲಗೋ ಕೋಣೆ ಬಾಗಿಲು ಕಿತ್ತು ಬಚ್ಚಲಿಗೆ ಹಾಕಿಸಿದ್ರು. ಅಳತೆ ತೆಗೆದು ಮಾಡಿಸಿದ ಹಾಗಿದೆ ಕಣ್ರೀ!

ಬಡಗಿ: ಮತ್ತೆ ನಮ್ಮ ಕೋಣೆಗೆ?

ಹೆಂಡತಿ: ಅಲ್ಲಿ ಇನ್ಮೇಲೆ ಅಮ್ಮ, ನಾನು ಮಲಗ್ತೀವಿ. ಬಚ್ಚಲು ಸರಿಯಾಯ್ತಲ್ಲ, ಇನ್ನೆರಡು ತಿಂಗಳು ಇರ್ತಾರಂತೆ.

ಬಡಗಿ ಫೋನು ಇಳಿಸಿ ಪ್ಲೇನರು ಆರಿಸಿದ. ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಸಾಹುಕಾರ: ಮೂವತ್ತು ವರ್ಷದಿಂದ ಇಲ್ಲಿ ಕೂತಿದ್ದೀನಿ, ಯಾವುದಕ್ಕೆ ಯಾವುದು ಹೊಂದುತ್ತೆ ಅಂತ ಇಷ್ಟು ಬೇಗ ಹೇಳೋರನ್ನ ಕಂಡಿಲ್ಲ. ನಿಮ್ಮತ್ತೇನ ಕಳಿಸಯ್ಯಾ, ಅಂಗಡೀಲಿ ಕೆಲಸಕ್ಕೆ ಇಟ್ಕೋತೀನಿ!

ಬಡಗಿಯ ಮುಖ ಅರಳಿತು.

ಬಡಗಿ: ಊಟ, ವಸತಿ ಎಲ್ಲಾ ನಿಮ್ಮದೇ ತಾನೇ?