ಲಿಂಬೆರಿಸನಿಗೆ ಬಾರಿಸಿದ ಸಾವಿನ ಗಂಟೆ

ಲಿಂಬೆರಿಸ್: ಬದುಕಿರೋ ಗಂಡನ್ನ ಅತ್ತು ಮಣ್ಣು ಮಾಡಿದ ಹೆಂಗಸು ಗ್ರೀಸಿನ ಈ ಇಡೀ ಮಾನಿ ಸೀಮೇಲಿ ನೀನೊಬ್ಬಳೇ ಕಣೇ!

ಸ್ತಾವ್ರಿಯಾನಿ: ಕಾಲೆತ್ತು ಮಾರಾಯ, ಗುಡಿಸಬೇಕು.

ಲಿಂಬೆರಿಸ್ ಕಾಲೆತ್ತಿದನೇ ಹೊರತು ಸೋಫಾ ಬಿಡಲಿಲ್ಲ. ತಮ್ಮ ಚಪ್ಪಲಿ ಅಂಗಡಿಗೆ ಬೀಗ ಬಿದ್ದ ಈ ಎರಡು ವರ್ಷದಲ್ಲಿ ಅವನೂ ಸೋಫಾವೂ ಎಷ್ಟು ಅಂಟಿಕೊಂಡಿದ್ದರೆಂದರೆ, ಅವನು ನೀರು ಕುಡಿಯಲೆಂದು ಎದ್ದರೆ ಅದೂ ಅಡುಗೆಮನೆ ಬಾಗಿಲತನಕ ಬಂದು ಕಾಯುತ್ತಿತ್ತು. ಮುಂದಿನ ಟೀಪಾಯಿ ಮೇಲೆ ಪಕ್ಕದ ಮನೆ ಪೊತಿತ್ಸಾ ಅಳುತ್ತಾ ತಂದಿಟ್ಟ ತಿಥಿಯ ಸಿಹಿ ಗೋಧಿ. ಸತ್ತವನೇ ಅರ್ಧ ಖಾಲಿ ಮಾಡಿದ್ದ.

ಲಿಂಬೆರಿಸ್: ಮುಂದಿನ ಗುರುವಾರದಿಂದ ಆ ಹೆಂಗಸರ ಗುಂಪಿಗೆ ನೀನು ಹೋಗಕೂಡದು. ಮನಸ್ಸು ಹಗುರ ಮಾಡ್ಕೋತೀವಿ ಅಂದಿದ್ದೆ. ನೀವು ಹಗುರ ಮಾಡ್ಕೊಂಡ ರಭಸಕ್ಕೆ ಸಮುದ್ರ ಎರಡು ಮೊಳ ಹಿಂದಕ್ಕೆ ಹೋಗಿದೆ!

ಸ್ತಾವ್ರಿಯಾನಿ: ವಾರದಲ್ಲಿ ಅದೊಂದು ರಾತ್ರಿ ನನಗೆ ನಿದ್ದೆ ಬರೋದು. ಹೋಗೇ ಹೋಗ್ತೀನಿ. ಅಥೆನ್ಸಿಂದ ಬಂದ ಆ ಸಲಹೆ ಹೇಳೋ ಹುಡುಗಿ ಏನಂದ್ಳು ಗೊತ್ತಾ? ಈ ಕಷ್ಟಕಾಲದಲ್ಲಿ ಏನು ಕಳ್ಕೊಂಡ್ರೋ ಅದನ್ನ ಎದುರಿಗೆ ಕೂರಿಸ್ಕೊಂಡು ಮಾತಾಡ್ಸಿ, ಒಳಗಿಟ್ಕೋಬೇಡಿ ಅಂತ. ನಮ್ಮ ಕಡೆ ಹೆಂಗಸರಿಗೆ ಗೊತ್ತಿರೋದು ಒಂದೇ ರೀತಿ. ತಲೆವಸ್ತ್ರ ಬಿಚ್ಚಿದ್ವಿ, ಸಾವಿನ ಹಾಡು ಎತ್ತಿದ್ವಿ.

ಲಿಂಬೆರಿಸ್: ಆ ಹುಡುಗಿ?

ಸ್ತಾವ್ರಿಯಾನಿ: ಕಣ್ಣೊರೆಸೋ ಕಾಗದದ ಡಬ್ಬಿ ಹಿಡ್ಕೊಂಡು ಮೂಲೇಲಿ ನಿಂತಿದ್ಳು. ಆಮೇಲೆ ನಾವೇ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ್ವಿ.

ಲಿಂಬೆರಿಸ್: ನಿಮ್ಮ ರಾಗ ಕಿಟಕೀಲಿ ಕೇಳಿ ಪೊತಿತ್ಸಾ ಚರ್ಚಿಗೆ ಓಡಿದ್ಳು. ಸಾವಿನ ಗಂಟೆ ಬಾರಿಸಿಬಿಟ್ರು. ನಾನು ಸಿಗರೇಟಿಗೆ ಅಂತ ಹೊರಟಿದ್ದೆ. ಅಯ್ಯೋ ಯಾರು ಹೋದ್ರೋ ಪಾಪ ಅಂತ ಶಿಲುಬೆ ಗುರುತು ಹಾಕ್ಕೊಂಡೆ. ನನಗೆ ನಾನೇ!

ಸ್ತಾವ್ರಿಯಾನಿ: ಒಳ್ಳೇದೇ ಆಯ್ತು, ನೀನು ಚರ್ಚಿನ ಕಡೆ ಮುಖ ಮಾಡಿ ಎಷ್ಟು ದಿನ ಆಗಿತ್ತು.

ಲಿಂಬೆರಿಸ್: ಕಾಫಿ ಅಂಗಡೀಲಿ ಕಿತ್ಸೋಸ್, ಪಗಡೆ ಜಗಳ ಆದಾಗಿಂದ ನನ್ನ ಹತ್ರ ಮಾತು ಬಿಟ್ಟೋನು, 'ಚಿನ್ನದಂಥ ಮನುಷ್ಯ' ಅಂತ ಬಿಕ್ಕಿ ಬಿಕ್ಕಿ ಅಳ್ತಿದ್ದ. ನನ್ನ ಕಂಡ. ಕಣ್ಣೊರೆಸ್ಕೊಂಡ. 'ಥೂ, ಇದ್ದಾನೆ' ಅಂದ!

ಪೊರಕೆ ನಿಂತಿತು. ಸ್ತಾವ್ರಿಯಾನಿ ಸೆರಗಿಲ್ಲದ ಊರಿನವಳಾದ್ದರಿಂದ ಏಪ್ರನ್ನಿನ ತುದಿಯಿಂದ ನಗು ಒರೆಸಿಕೊಂಡಳು.

ಸ್ತಾವ್ರಿಯಾನಿ: ನಾನು ನಿನ್ನ ಹೆಸರೇ ಎತ್ತಿಲ್ವಲ್ಲ ಮಾರಾಯ.

ಲಿಂಬೆರಿಸ್: 'ಬೆಳಗ್ಗೆ ಏಳಕ್ಕೇ ಕಣ್ಣು ತೆರೀತಿದ್ದೆ, ಈಗ ಕತ್ತಲಲ್ಲಿ ಮಲಗಿದ್ದೀಯಲ್ಲಾ' ಅಂದ್ಯಂತೆ. ಪೊತಿತ್ಸಾಗೆ ಬಾಯಿಪಾಠ ಆಗಿದೆ!

ಸ್ತಾವ್ರಿಯಾನಿ: ಬೆಳಗ್ಗೆ ಏಳಕ್ಕೆ ನೀನು ಯಾವತ್ತು ಕಣ್ಣು ತೆರೆದಿದ್ದೀಯ? ಅದು ನಮ್ಮ ಅಂಗಡಿಗೆ.

ಲಿಂಬೆರಿಸ್: ಅಂಗಡಿಗೆ? ಮತ್ತೆ 'ಬೀದೀಲೆಲ್ಲ ನಿನ್ನಂಥ ಚೆಲುವು ಇರಲಿಲ್ಲ' ಅಂದಿದ್ದು?

ಸ್ತಾವ್ರಿಯಾನಿ: ಗಾಜಿನ ಕಪಾಟು.

ಲಿಂಬೆರಿಸ್: 'ಮಕ್ಕಳ ಮದುವೆ ಮಾಡಿಸ್ದೆ'?

ಸ್ತಾವ್ರಿಯಾನಿ: ಅಂಗಡಿ ದುಡ್ಡೇ ಅಲ್ವಾ? ಇನ್ನೇನು, ಸೋಫಾ ಮಾಡಿಸ್ತಾ?

ಲಿಂಬೆರಿಸ್ ಮೊದಲ ಸಲ ಬೆನ್ನು ನೆಟ್ಟಗೆ ಮಾಡಿ ಕೂತ. ಸ್ಪ್ರಿಂಗುಗಳು ಅಗಲಿಕೆ ತಾಳದೆ ನರಳಿದವು.

ಲಿಂಬೆರಿಸ್: ಅಂದ್ರೆ, ಕಪಾಟಿಗೆ ಕೂಡ ಒಂದು ಸಾಲು. ನನಗೆ ಅರ್ಧ ಸಾಲೂ ಇಲ್ಲ?

ಸ್ತಾವ್ರಿಯಾನಿ: ನೀನು ಬದುಕಿದ್ದೀಯಲ್ಲ!

ಲಿಂಬೆರಿಸ್: ಯಾರು ಹೇಳಿದ್ದು?

ಅವಳು ಪೊರಕೆ ಗೋಡೆಗೊರಗಿಸಿದಳು.

ಲಿಂಬೆರಿಸ್: ಬೀಗ ಹಾಕಿದ್ದು ಈ ಕೈ ಕಣೇ. ನಿನಗೆ ಗುರುವಾರ ಇದೆ. ನಾನೆಲ್ಲಿ ಹೋಗ್ಲಿ? ಕಾಫಿ ಅಂಗಡೀಲಿ ಗಂಡಸು ಅತ್ರೆ ಕುರ್ಚಿ ಸಮೇತ ಎತ್ತಿ ಬೀದೀಲಿ ಇಟ್ಟು ಬರ್ತಾರೆ.

ಸ್ತಾವ್ರಿಯಾನಿ ಪಕ್ಕದಲ್ಲಿ ಕೂತಳು. ಸೋಫಾದಲ್ಲಿ ಇನ್ನೊಬ್ಬರಿಗೂ ಜಾಗವಿದೆಯೆಂದು ಆ ದಿನವೇ ಗೊತ್ತಾದದ್ದು. ತಲೆವಸ್ತ್ರ ಬಿಚ್ಚಿ, ಕಣ್ಣು ಮುಚ್ಚಿ, ಮೆಲ್ಲಗೆ ಎತ್ತಿದಳು:

ಸ್ತಾವ್ರಿಯಾನಿ: 'ಓ ನಮ್ಮ ಅಂಗಡೀ, ಗಾಜಿನ ಕಪಾಟಿನ ಚೆಲುವೇ...'

ಲಿಂಬೆರಿಸ್: ತಪ್ಪು. ಕಪಾಟು ಆಮೇಲೆ ತಂದಿದ್ದು. ಮೊದಲು ಬಾಗಿಲ ಮೇಲಿನ ಪುಟ್ಟ ಗಂಟೆ. ಅದರಿಂದ ಶುರು ಮಾಡು.

ಸ್ತಾವ್ರಿಯಾನಿ: ನೀನೇ ಮಾಡು, ಅಷ್ಟು ಗೊತ್ತಿದ್ರೆ.

ಲಿಂಬೆರಿಸ್: 'ಓ ಪುಟ್ಟ ಗಂಟೇ...'

ಮುಂದಿನ ಸಾಲಿನ ಬದಲಿಗೆ ಎರಡು ವರ್ಷದ ದಾಸ್ತಾನು ಒಟ್ಟಿಗೇ ಹೊರಬಿತ್ತು. ಅವನ ಗೋಳಿಗೆ ಅಡುಗೆಮನೆಯ ತಟ್ಟೆಗಳು ಕುಣಿದವು, ಬೀದಿಯ ಕತ್ತೆಗಳು ಸೋಲೊಪ್ಪಿ ಬಾಯಿ ಮುಚ್ಚಿದವು, ದೂರದಲ್ಲಿ ಹೋಗುತ್ತಿದ್ದ ಹಡಗೊಂದು ದಾರಿ ತಪ್ಪಿತೆಂದು ಈಗಲೂ ಹೇಳುತ್ತಾರೆ. ಅತ್ತು ಮುಗಿಸಿ, ಮೂಗೊರೆಸಿ, ಲಿಂಬೆರಿಸ್ ಎದ್ದು ನಿಂತ. ಸೋಫಾ ಇದ್ದಲ್ಲೇ ಇತ್ತು.

ಲಿಂಬೆರಿಸ್: ಗುರುವಾರ ಹೋಗು. ಆದ್ರೆ ಆ ಗಂಟೆಯ ಸಾಲು ಸೇರಿಸ್ಬೇಕು.

ಅಷ್ಟರಲ್ಲಿ ಢಣ್, ಢಣ್ ಎಂದು ಚರ್ಚಿನಿಂದ ಗಂಟೆ ಶುರುವಾಯಿತು.

ಲಿಂಬೆರಿಸ್: ಮತ್ತೆ ಯಾರು ಹೋದ್ರೇ?

ಸ್ತಾವ್ರಿಯಾನಿ: ನಮ್ಮನೇಲಿ ಗಂಡಸಿನ ಅಳು ಕೇಳಿದೆ ಅಂದ್ಮೇಲೆ ಇನ್ಯಾರು, ನಾನೇ. ಬೇಗ ಆ ಗೋಧಿ ತಿಂದು ಪಾತ್ರೆ ತೊಳೆದುಕೊಡು. ಪೊತಿತ್ಸಾ ಪಾಪ, ನನ್ನ ತಿಥಿ ಗೋಧೀನ ಯಾವುದರಲ್ಲಿ ತರ್ತಾಳೆ?