ಚೇಂಬರಿನ ಮುಚ್ಚಳ ಮತ್ತು ಚಿಕ್ಕೇಗೌಡರ ನಗು

ನಾನು ಹುಟ್ಟಾ ಅನುಮಾನದ ಮನುಷ್ಯ. ದಾರಿಯಲ್ಲಿ ಯಾರಾದರೂ "ಊಟ ಆಯ್ತಾ?" ಎಂದರೆ, ಇವನಿಗೇಕೆ ನನ್ನ ಊಟದ ಚಿಂತೆ ಎಂದು ಮನೆ ತಲುಪುವವರೆಗೂ ಯೋಚಿಸುತ್ತೇನೆ. ಹಾಲಿನವನು ಗಟ್ಟಿ ಹಾಲು ಕೊಟ್ಟ ದಿನ ಮೂಸಿ ನೋಡುತ್ತೇನೆ. ಇಂಥ ನನ್ನ ಮನೆಯ ಬಚ್ಚಲ ನೀರು, ಮಗಳ ಸೀಮಂತ ಹತ್ತಿರ ಬಂದಾಗಲೇ ನಿಂತುಬಿಟ್ಟಿತು. ಒಂದು ಬಕೆಟ್ ಸುರಿದರೆ ಗೊಳಗೊಳ ಎಂದು ಸದ್ದು ಮಾಡಿ ಕಾಲ ಮೇಲೆಯೇ ವಾಪಸು ಬರುತ್ತಿತ್ತು. ಮಿರ್ಲೆಯಿಂದ ಬೀಗರು ಬರುವವರಿದ್ದರು. ಆ ನೀರಲ್ಲಿ ಒಮ್ಮೆ ಕಾಲಿಟ್ಟರೆ ಮುಗಿಯಿತು, ಬಾಣಂತನ ಇಲ್ಲಿ ಬೇಡವೆಂದು ಮಗಳನ್ನು ಜೊತೆಯಲ್ಲೇ ಕರೆದುಕೊಂಡು ಹೋದಾರು ಎಂದು ನನಗೆ ನಿಜಕ್ಕೂ ಭಯವಾಯಿತು.

ಅನುಮಾನ ನೇರವಾಗಿ ಪಕ್ಕದ ಮನೆಯ ಚಿಕ್ಕೇಗೌಡರ ಮೇಲೆ ಹೋಯಿತು. ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಹುಣಸೂರಿನ ನಮ್ಮ ಬೀದಿಯಲ್ಲಿ ಇಬ್ಬರ ಮನೆಯ ಬಚ್ಚಲ ಪೈಪೂ ಒಂದೇ ಚರಂಡಿ ಚೇಂಬರಿಗೆ ಬಂದು ಸೇರುತ್ತದೆ. ಅವರ ನೀರು ಸಲೀಸಾಗಿ ಹೋಗುತ್ತಿತ್ತು, ನಮ್ಮದು ಮಾತ್ರ ನಿಂತಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಸಾಲದ್ದಕ್ಕೆ ಒಂದು ಬೆಳಿಗ್ಗೆ ಅವರು ಚೇಂಬರಿನ ಮುಚ್ಚಳ ಎತ್ತಿ ಬಗ್ಗಿ ನಿಂತಿದ್ದರು.

"ಏನ್ ಮಾಡ್ತಿದ್ದೀರಿ?" ಎಂದೆ.

"ನಿಮ್ದು ಯಾಕ್ ಕಟ್ಕತು ಅಂತ ನೋಡ್ತಿವ್ನಿ ಕಣ್ರೀ," ಎಂದು ನಕ್ಕರು.

ತಪ್ಪು ಮಾಡದವನು ಅಷ್ಟು ಚೆನ್ನಾಗಿ ನಗುವುದಿಲ್ಲ. ಅದರ ಮೇಲೆ ಅವರ ಹೆಂಡತಿ ಬಂದು, "ಬಿಮ್ಮನ್ಸೆ ಉಡುಗಿ ನೀರಿಗೆ ಒದ್ದಾಡೋದ್ ಬ್ಯಾಡ ಬುಡಿ, ನಮ್ಮನೇಲೇ ಮೀಯ್ಲಿ," ಎಂದು ಬಸುರಿ ಮಗಳನ್ನು ಸ್ನಾನಕ್ಕೆ ಕರೆದುಕೊಂಡು ಹೋದರು. ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಮಾಡಿದ್ದನ್ನು ಮುಚ್ಚಿಕೊಳ್ಳುವುದಕ್ಕಲ್ಲದಿದ್ದರೆ ಇಷ್ಟು ಉಪಕಾರ ಯಾಕೆ?

ಅಂದಿನಿಂದ ಕಾವಲು ಶುರುಮಾಡಿದೆ. ಹೊಗೆಸೊಪ್ಪು ಮುರಿಯುವ ಕಾಲ ಅದು. ಗುರುಪುರದ ಕಡೆ ಇರುವ ಹೊಲದಿಂದ ಸಂಜೆ ಬರುವಷ್ಟರಲ್ಲಿ ನನ್ನ ಕೈಗೆಲ್ಲ ಸೊಪ್ಪಿನ ಕರಿ ಅಂಟು. ಅದಕ್ಕೆ ಸೋಪು ಲೆಕ್ಕಕ್ಕೇ ಇಲ್ಲ. ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಬೇಕು. ನಮ್ಮಪ್ಪ ಹೊಲದ ಬದುವಿನಲ್ಲೇ ಉಜ್ಜಿಕೊಂಡು ಬರುತ್ತಿದ್ದರು. ನಾನು ಪಟ್ಟಣದವನು, ಬಚ್ಚಲಲ್ಲಿ ನಿಂತು ಉಜ್ಜುತ್ತೇನೆ. ಅಲ್ಲಿನ ಕಿಟಕಿಯಿಂದ ಚೇಂಬರ್ ಚೆನ್ನಾಗಿ ಕಾಣುತ್ತದೆ. ಚಿಕ್ಕೇಗೌಡರ ಮೇಲೆ ಕಣ್ಣಿಟ್ಟು, ನಾರು ಸವೆದರೆ ಇನ್ನೊಂದು ಹಿಡಿ ತೆಗೆದುಕೊಂಡು ಉಜ್ಜುತ್ತಲೇ ಇದ್ದೆ. ನನ್ನ ಹೆಂಡತಿ ಜಯಮ್ಮ, "ಕಳ್ಳನ್ನ ಹಿಡಿಯೋದು ಆಮೇಲೆ, ಮೊದ್ಲು ಪ್ಲಂಬರ್‌ನ ಹಿಡ್ಕಂಡ್ ಬನ್ನಿ," ಎಂದು ಗದರಿದಳು.

ಪ್ಲಂಬರ್ ಮಹದೇವ ಬಂದ. ಮೊದಲು ಚಿಕ್ಕೇಗೌಡರ ಪೈಪಿಗೆ ರಾಡು ಬಿಡು ಎಂದೆ.

"ಅವ್ರ ಕಡೆ ನೀರು ಓಯ್ತಾ ಅದೆ ಕಣ್ ಸಾರ್."

"ಅದೇ ನನ್ನ ಅನುಮಾನ!"

ನನ್ನನ್ನು ಒಂದು ಥರ ನೋಡಿ ರಾಡು ಬಿಟ್ಟ. ಅದು ಎಲ್ಲೂ ತಡೆಯದೆ ಒಳಗೆ ಹೋಯಿತು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೋ ಏನೋ ಎಂದುಕೊಂಡೆ. ಆಮೇಲೆ ನಮ್ಮ ಪೈಪಿಗೆ ಬಿಟ್ಟು ತಿರುವಿ ತಿರುವಿ ಎಳೆದ. ಕುಂಬಳಕಾಯಿ ಮಿಡಿಯಷ್ಟು ದೊಡ್ಡ ಕಪ್ಪು ಉಂಡೆಯೊಂದು ಹೊರಗೆ ಬಿತ್ತು. ಹಿಂದೆಯೇ ನೀರು ಧೋ ಎಂದು ಹರಿಯಿತು.

"ಅಯ್ಯೋ, ಹೆಗ್ಗಣವಾ?" ಎಂದಳು ಜಯಮ್ಮ.

ಮಹದೇವ ನೀರು ಹಾಕಿ ಬಿಡಿಸಿ ನೋಡಿದ. "ತೆಂಗಿನ ನಾರು ಕಣ್ರವ್ವಾ. ಒಗೆಸೊಪ್ಪಿನ ಅಂಟು, ಬೂದಿ ಎಲ್ಲಾ ಸೇರ್ಕಂಡು ಗಟ್ಟಿ ಆಗದೆ."

ನಮ್ಮ ಬೀದಿಯಲ್ಲಿ ಹೊಗೆಸೊಪ್ಪು ಬೆಳೆಯುವವನು ನಾನೊಬ್ಬನೇ. ಎಲ್ಲರೂ ನನ್ನ ಕಡೆ ತಿರುಗುವ ಮೊದಲೇ ಎರಡೂ ಕೈ ಬೆನ್ನ ಹಿಂದೆ ಹೋಗಿದ್ದವು. ನಾಚಿಕೆಯಿಂದ ಕುಗ್ಗಿಹೋದೆ. ಚಿಕ್ಕೇಗೌಡರು ಮಾತ್ರ, "ಓಗ್ಲಿ ಬುಡಿ, ನೀರ್ ಓಯ್ತಲ್ಲ," ಎಂದು ಒಳಗೆ ಹೋದರು.

ಸೀಮಂತ ಚೆನ್ನಾಗಿ ನಡೆಯಿತು. ಬೀಗರು ಬಚ್ಚಲಿಗೆ ಹೋಗಿ ಬಂದು ಏನೂ ಹೇಳಲಿಲ್ಲ, ಮಗಳು ನಮ್ಮಲ್ಲೇ ಉಳಿದಳು. ಊಟವಾದ ಮೇಲೆ ಚಿಕ್ಕೇಗೌಡರೇ ಅಂಗಳದಲ್ಲಿ ಚೊಂಬು ಹಿಡಿದು ಎಲ್ಲರ ಕೈಗೂ ನೀರು ಹಾಕುತ್ತಿದ್ದರು. ಕೊನೆಗೆ ನಾನೂ ಹೋಗಿ ಕೈ ಒಡ್ಡಿದೆ. ನೀರು ಹಾಕುತ್ತಾ, ಬೀಗರ ಎದುರಿಗೇ ಬಹಳ ಕಾಳಜಿಯಿಂದ ಕೇಳಿದರು:

"ನಾರು ಏನಾರಾ ಬೇಕೇನ್ರೀ?"

ಅದೇ ನಗು. ಅದರಲ್ಲೇನೋ ಇದೆ ಎಂಬ ಅನುಮಾನ ನನಗೆ ಮೊದಲಿಂದಲೂ ಇತ್ತು.