ಪುಟ್ಟಲಕ್ಷ್ಮಿಯ ಎರಡನೇ ನಂಬರ್ ಬಟನ್

ಟಕ್ ಎಂದು ಗ್ಯಾಸ್ ಒಲೆ ಆರುತ್ತಿತ್ತು. ಸಂಜೆ ಏಳೂವರೆಯಾಯಿತೆಂದು ತಿಳಿಯಲು ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಗಡಿಯಾರ ಬೇಕಿರಲಿಲ್ಲ. ಹೆಂಚಿನ ಮೇಲೆ ಚಪಾತಿ ಅರೆಬೆಂದಿರಲಿ, ಗಂಡನ ಹೊಟ್ಟೆ ಪೂರ್ತಿ ಬೆಂದಿರಲಿ, ಧಾರಾವಾಹಿಯ ಶಂಖ ಮೊಳಗಿತೆಂದರೆ ನನ್ನ ಹೆಂಡತಿ ಪುಟ್ಟಲಕ್ಷ್ಮಿ ಹಾಲಿಗೆ ಬಂದುಬಿಡುತ್ತಿದ್ದಳು.

"ರೀ, ಕೈಯೆಲ್ಲ ಹಿಟ್ಟು. ನನ್ನ ಬಟನ್ ಒತ್ರೀ!"

ಈ ಬಟನ್ನಿನ ವಿಷಯ ಹೇಳಬೇಕು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆಂದು ಎಣಿಸುವವರು ನಮ್ಮ ಟೀವಿಗೊಂದು ಪೆಟ್ಟಿಗೆ ಕೂರಿಸಿದ್ದರು. ಅದರ ರಿಮೋಟಿನಲ್ಲಿ ನನಗೆ ಒಂದನೇ ಬಟನ್, ಅವಳಿಗೆ ಎರಡು, ಅತ್ತೆ ಚಿಕ್ಕಲಕ್ಷ್ಮಮ್ಮನವರಿಗೆ ಮೂರು. ಟೀವಿ ಮುಂದೆ ಕೂತವರ ಬಟನ್ ಒತ್ತಬೇಕು. ನಮ್ಮಂಥ ಒಂದೊಂದು ಮನೆಯೂ ಸಾವಿರಾರು ಮನೆಗಳ ಪ್ರತಿನಿಧಿಯಂತೆ. ಯಾವ ಧಾರಾವಾಹಿ ಬಾಳಬೇಕು, ಯಾವುದು ಸಾಯಬೇಕು ಎಂಬ ಮಹಾತೀರ್ಪು ನಮ್ಮ ಹರಕು ಸೋಫಾದ ಮೇಲೆ! (ಇದನ್ನು ಯಾರಿಗೂ ಹೇಳಕೂಡದೆಂಬ ಷರತ್ತಿತ್ತು. ಈಗ ಪೆಟ್ಟಿಗೆಯೇ ಇಲ್ಲ, ಹೇಳಬಹುದು.)

ಅವಳ ಧಾರಾವಾಹಿಯ ನಾಯಕಿ ದಾನಮ್ಮ, ಖಾನಾವಳಿ ನಡೆಸಿ ಬದುಕು ಕಟ್ಟಿಕೊಂಡವಳು. ಎಂದೋ ಬಿಟ್ಟುಹೋದ ಗಂಡ ಮರಳಿ ಬಂದು ಬಾಗಿಲಾಚೆ ನಿಂತಿದ್ದ. ಮೂರು ವಾರದಿಂದ ನಿಂತೇ ಇದ್ದ.

"ಬಾಗಿಲು ತೆಗೀಬಾರ್ದು ಕಣ್ರೀ. ಅಷ್ಟು ಸುಲಭಾನಾ?"

"ಪಾಪ, ಹಸಿದಿರ್ತಾನೆ ಕಣೇ."

"ಗಂಡಸ್ರಿಗೆ ಗಂಡಸ್ರ ಹಸಿವು ಮಾತ್ರ ಕಾಣ್ಸೋದು."

ಊಟ ಮುಗಿಯುವವರೆಗೂ ಇದೇ ಜಗಳ. ಮದುವೆಯಾಗಿ ಇಷ್ಟು ವರ್ಷಗಳ ಮೇಲೂ ನಾವಿಬ್ಬರು ಗ್ಯಾಸು, ನೀರಿನ ಟ್ಯಾಂಕು ಬಿಟ್ಟು ಬೇರೆ ಮಾತಾಡುತ್ತಿದ್ದೆವಲ್ಲ, ಅದು ದಾನಮ್ಮನ ಪುಣ್ಯವೆಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಧಾರಾವಾಹಿ ನಿಂತರೆ ಸಿಗುವ ಬಿಸಿ ಚಪಾತಿ.

ಹಾಗಾಗಿ ಎರಡನ್ನು ಒತ್ತುವುದು ಬಿಟ್ಟೆ. ನಾನೂ ನೋಡುತ್ತಿದ್ದೆ, ಆದರೆ ಪೇಪರಿನ ಅಂಚಿನಿಂದ. ಅದಕ್ಕೆಲ್ಲ ಬಟನ್ ಯಾಕೆ? ಒತ್ತುತ್ತಿದ್ದದ್ದು ಮೂರನ್ನು ಮಾತ್ರ. ಅದರ ಒಡತಿ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ಮೊದಲು ಜಾಹೀರಾತುಗಳು ಬದಲಾದವು. ಮುಖದ ಕ್ರೀಮು ಹೋಗಿ ಮಂಡಿನೋವಿನ ಎಣ್ಣೆ ಬಂತು. ಆಮೇಲೊಂದು ಶುಕ್ರವಾರ ಎಲ್ಲವೂ ಮುಗಿಯಿತು. ದಾನಮ್ಮ ದಡಕ್ಕನೆ ಬಾಗಿಲು ತೆಗೆದಳು, ಗಂಡ ಅತ್ತ, ಅವಳು ನಕ್ಕಳು, ಶುಭಂ. (ನನ್ನೊಬ್ಬನ ಕೈವಾಡವೋ, ನಾಡಿನ ಹಸಿದ ಗಂಡಂದಿರೆಲ್ಲರ ಕೈವಾಡವೋ, ದೇವರೇ ಬಲ್ಲ.)

"ಇಷ್ಟೇನಾ?" ಎಂದಳು ಪುಟ್ಟಲಕ್ಷ್ಮಿ. ಬೆರಳುಗಳಲ್ಲಿ ಹಿಟ್ಟು ಒಣಗುತ್ತಿತ್ತು.

ಅತ್ತೆ ಎಚ್ಚರಗೊಂಡರು. "ಮುಗೀತಾ? ಯಾರು ಸತ್ರು?"

ಮುಂದಿನ ವಾರ ಆ ಎಣಿಸುವವರ ಕಡೆಯಿಂದ ರವಿಕುಮಾರ್ ಎಂಬ ಹುಡುಗ ಪೆಟ್ಟಿಗೆ ಬಿಚ್ಚಲು ಬಂದ. ಬಿಚ್ಚಿಕೊಂಡು ಸುಮ್ಮನೆ ಹೋಗಬಾರದೇ? "ಆಂಟಿ, ಏಳೂವರೆಗೆ ನೀವು ವಾಕಿಂಗ್ ಹೋಗ್ತಿದ್ರಾ? ದಿನಾ ಅಜ್ಜಿ ಒಬ್ರೇ ಸೀರಿಯಲ್ ನೋಡ್ತಿದ್ರಲ್ಲಾ!"

ಪುಟ್ಟಲಕ್ಷ್ಮಿ ನನ್ನತ್ತ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಅಂದಿನಿಂದ ಏಳೂವರೆಗೆ ಸರಿಯಾಗಿ ಚಪಾತಿ ಬರುತ್ತದೆ. ಉಬ್ಬಿದ, ಹಬೆಯಾಡುವ, ಹೂವಿನಂಥ ಚಪಾತಿ. ಅದರ ಜೊತೆ ಒಂದು ಮಾತೂ ಬರುವುದಿಲ್ಲ. ನಾನು ಅಗಿಯುವ ಸದ್ದು ನನಗೇ ಕೇಳಿಸುತ್ತದೆ.

ನಿನ್ನೆ ತಡೆಯಲಾಗಲಿಲ್ಲ. "ಪುಟ್ಟೂ, ಆ ಕೊನೇ ಎಪಿಸೋಡು ಸುಳ್ಳು ಅಂದ್ಕೋ. ಮುಂದಿನ ಕಥೆ ನಾನು ಹೇಳ್ತೀನಿ."

"ನೀವಾ?"

"ಕೂತ್ಕೋ ಮೊದ್ಲು."

ಕೂತಳು! ಗಲ್ಲಕ್ಕೆ ಕೈಯಿಟ್ಟು, ಹಿಂದಿನಂತೆಯೇ.

"ಗಂಡ ಹೊರಗೆ ನಿಂತಿದಾನೆ."

"ಅದು ಗೊತ್ತು."

"ಪಶ್ಚಾತ್ತಾಪದಲ್ಲಿ ಬೇಯ್ತಾ ಇದಾನೆ."

"ಚೆನ್ನಾಗಿ ಬೇಯ್ಲಿ."

"ಇನ್ನೆಷ್ಟು ಬೇಯ್ಬೇಕೇ! ದಾನಮ್ಮ ಎದ್ಲು. ನಿಧಾನಕ್ಕೆ ಬಂದ್ಲು. ಚಿಲಕದ ಮೇಲೆ ಕೈ ಇಟ್ಲು. ಹೊರಗೆ ಅವನು…"

"ಹೊರಗೇ ಇರ್ಲಿ," ಎಂದು ನನ್ನ ಕಥೆಯ ಏಕೈಕ ವೀಕ್ಷಕಿ ಎದ್ದು ಒಳಗೆ ನಡೆದಳು. ಅವನ ಕಣ್ಣಲ್ಲಿ ನೀರು ಬರುವ ಭಾಗಕ್ಕೆ ನಾನಿನ್ನೂ ಬಂದಿರಲಿಲ್ಲ.